ಗಾಳಿ ಅಳೆಯುವ ಡಬ್ಬಿ ಎಡವಟ್ಟಾದಾಗ: ಕೋಲಾರದ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಗಾಳಿಯ ಗುಣಮಟ್ಟ ತೋರಿಸುವ ಪುಟ್ಟ ಡಬ್ಬಿಗಳು ಈಗ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತವೆ. ಕೆಲವರು ರೆಡಿಮೇಡ್ ತರಿಸುತ್ತಾರೆ. ಕೆಲವರು ಸೆನ್ಸರ್, ಬೋರ್ಡು ಬೇರೆ ಬೇರೆ ಕೊಂಡು ತಾವೇ ಜೋಡಿಸುತ್ತಾರೆ. ಎರಡರಲ್ಲೂ ಬರುವ ತೊಂದರೆಗಳು ಹೆಚ್ಚುಕಮ್ಮಿ ಒಂದೇ.

ನಂಬರ್ 300 ತೋರಿಸಿದರೆ ಎಲ್ಲರೂ ಗಾಬರಿಯಾಗಿ ವಿಚಾರಿಸುತ್ತಾರೆ. ಅದೇ ನಂಬರ್ ವಾರಗಟ್ಟಲೆ 8ರ ಹತ್ತಿರ ನಿಂತರೆ ಯಾರೂ ಕೇಳುವುದಿಲ್ಲ. 'ನಮ್ಮ ಏರಿಯಾ ಗಾಳಿ ಚೆನ್ನಾಗಿದೆ' ಅಂತ ಖುಷಿಪಟ್ಟು ಸುಮ್ಮನಾಗುತ್ತಾರೆ. ನನ್ನ ಪ್ರಕಾರ ದೊಡ್ಡ ದೋಷ ಎರಡನೆಯದೇ. ಜಾಸ್ತಿ ತೋರಿಸುವ ಡಬ್ಬಿ ನಿಮ್ಮನ್ನು ಹುಡುಕಾಟಕ್ಕೆ ಹಚ್ಚುತ್ತದೆ. ಕಡಿಮೆ ತೋರಿಸುವ ಡಬ್ಬಿ ಕಿಟಕಿ ತೆರೆಸಿ ಮಲಗಿಸುತ್ತದೆ.

ಒಳಗಡೆ ನಡೆಯುವುದು ಇಷ್ಟೇ. ಹಂಚಿನ ಸಂದಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಧೂಳು ಮಿನುಗುವುದನ್ನು ನೋಡಿದ್ದೀರಲ್ಲ, ಡಬ್ಬಿ ಮಾಡುವುದೂ ಅದನ್ನೇ. ಬಿಸಿಲಿನ ಬದಲು ಸಣ್ಣ ಲೇಸರ್ ಇದೆ, ಕಣ್ಣಿನ ಬದಲು ಬೆಳಕು ಹಿಡಿಯುವ ಬಿಲ್ಲೆ ಇದೆ. ಪುಟ್ಟ ಫ್ಯಾನು ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಕಣ ಚದುರಿಸಿದ ಬೆಳಕನ್ನು ನೋಡಿ ಡಬ್ಬಿ ತೂಕವನ್ನು ಅಂದಾಜು ಮಾಡುತ್ತದೆ. ಅಂದರೆ ಅದು ತೂಗುತ್ತಿಲ್ಲ, ಊಹಿಸುತ್ತಿದೆ. ಇಂಥ ಡಬ್ಬಿಗಳಲ್ಲಿ ಸಿಗುವ ಎಸ್‌ಡಿಎಸ್011, ಪಿಎಂಎಸ್5003, ಎಸ್‌ಪಿಎಸ್30 ಎಂಬ ಸೆನ್ಸರ್‌ಗಳೆಲ್ಲವೂ ಹೀಗೇ ಕೆಲಸ ಮಾಡುವುದು. ಇದು ನೆನಪಿದ್ದರೆ ಮುಂದಿನ ಅರ್ಧ ಸಮಸ್ಯೆಗಳು ತಾವಾಗಿ ಅರ್ಥವಾಗುತ್ತವೆ.

ಲೈಟೇ ಬರುತ್ತಿಲ್ಲ, ಅಥವಾ ಆನ್ ಆಗಿ ಆನ್ ಆಗಿ ಆಫ್ ಆಗುತ್ತಿದೆ

ಮೊದಲು ಪ್ಲಗ್ ಪಾಯಿಂಟಿಗೆ ಫೋನ್ ಚಾರ್ಜರ್ ಹಾಕಿ ನೋಡಿ. ಫೋನ್ ಚಾರ್ಜ್ ಆದರೆ ಪಾಯಿಂಟ್ ಸರಿ ಇದೆ.

ಆಮೇಲೆ ಕೇಬಲ್ ಬದಲಿಸಿ. ಹಳೆಯ, ತೆಳು ಯುಎಸ್‌ಬಿ ಕೇಬಲ್‌ಗಳಲ್ಲಿ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ. ಬಾಲ್ಕನಿ ದೂರ ಇದೆ ಅಂತ ಮೂರು ಮೀಟರ್ ಅಗ್ಗದ ಕೇಬಲ್ ಎಳೆದಿದ್ದರೆ ಬಹುತೇಕ ಕಳ್ಳ ಅದೇ.

ಮೂರನೆಯದು ಅಡಾಪ್ಟರ್. ಸೆನ್ಸರ್‌ಗೆ 5 ವೋಲ್ಟ್ ಬೇಕು. ಫ್ಯಾನು ತಿರುಗಲು ಶುರುವಾಗುವ ಕ್ಷಣ, ವೈಫೈ ಡೇಟಾ ಕಳಿಸುವ ಕ್ಷಣ ಡಬ್ಬಿ ಜಾಸ್ತಿ ಕರೆಂಟು ಎಳೆಯುತ್ತದೆ. ಅಡಾಪ್ಟರ್ ಸೊರಗಿದ್ದರೆ ಆಗಲೇ ರೀಸ್ಟಾರ್ಟ್ ಆಗುವುದು. 5 ವೋಲ್ಟ್, 2 ಆಂಪಿಯರ್‌ನ ಒಳ್ಳೆಯ ಫೋನ್ ಅಡಾಪ್ಟರ್ ಹಾಕಿ ಒಂದು ದಿನ ಬಿಡಿ. ಸರಿಹೋದರೆ ಅಲ್ಲಿಗೆ ಮುಗಿಯಿತು.

ಹೊಸ ಅಡಾಪ್ಟರ್, ಹೊಸ ಕೇಬಲ್ ಹಾಕಿದರೂ ಆನ್ ಆಗದಿದ್ದರೆ, ಸುಟ್ಟ ವಾಸನೆ ಬಂದರೆ, ಡಬ್ಬಿ ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಪ್ಲಗ್ ತೆಗೆದು ಅಲ್ಲಿಗೇ ನಿಲ್ಲಿಸಿ. ಒಳಗೆ ಬ್ಯಾಟರಿ ಇರುವ ಮಾಡೆಲ್ ಆಗಿದ್ದು ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್ ಹಾಕಬೇಡಿ. ಹೊರಗೆ ತೆರೆದ ಜಾಗದಲ್ಲಿಟ್ಟು ರಿಪೇರಿಯವರಿಗೆ ಕೊಡಿ.

ಹೊರಗಡೆಗೆ 230 ವೋಲ್ಟ್ ಎಕ್ಸ್‌ಟೆನ್ಷನ್ ಬೋರ್ಡು ಎಳೆಯುವ ಅಭ್ಯಾಸ ಬೇಡ. ಅಡಾಪ್ಟರ್ ಒಳಗೇ ಇರಲಿ, 5 ವೋಲ್ಟ್ ವೈರ್ ಮಾತ್ರ ಹೊರಗೆ ಹೋಗಲಿ. ಮಳೆಯಲ್ಲಿ ನೆನೆದ ಎಕ್ಸ್‌ಟೆನ್ಷನ್ ಬೋರ್ಡು ಜೀವ ತೆಗೆಯುತ್ತದೆ.

ಡಬ್ಬಿ ಆನ್ ಇದೆ, ಆ್ಯಪ್‌ನಲ್ಲಿ ಏನೂ ಬರುತ್ತಿಲ್ಲ

ಇದು ಗಾಳಿಯ ಸಮಸ್ಯೆಯೂ ಅಲ್ಲ, ಸೆನ್ಸರ್ ಸಮಸ್ಯೆಯೂ ಅಲ್ಲ. ಬಹುಪಾಲು ವೈಫೈ ಸಮಸ್ಯೆ.

ರೂಟರ್ ಬದಲಿಸಿದಿರಾ? ಪಾಸ್‌ವರ್ಡ್ ಬದಲಿಸಿದಿರಾ? ಡಬ್ಬಿಗೆ ಹಳೆಯದೇ ಗೊತ್ತಿರುತ್ತದೆ. ಹೊಸ ರೂಟರ್‌ಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುತ್ತವೆ. ಡಬ್ಬಿಯೊಳಗೆ ಇಎಸ್‌ಪಿ8266 ಎಂಬ ವೈಫೈ ಬೋರ್ಡು ಇದ್ದರೆ ಅದಕ್ಕೆ 2.4 ಮಾತ್ರ ಕಾಣುವುದು. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು 2.4ಕ್ಕೆ ಸೇರಿಸಿ.

ಕರೆಂಟು ಹೋಗಿ ಬಂದ ಮೇಲೆ ಡೇಟಾ ನಿಂತರೆ ಕಾರಣ ಬೇರೆ. ಡಬ್ಬಿ ತಕ್ಷಣ ಎದ್ದು ವೈಫೈ ಹುಡುಕುತ್ತದೆ. ರೂಟರ್ ಏಳಲು ಒಂದೆರಡು ನಿಮಿಷ ಬೇಕು. ಕೆಲವು ಡಬ್ಬಿಗಳು ಅಷ್ಟರಲ್ಲಿ ಹುಡುಕುವುದನ್ನೇ ಬಿಟ್ಟು ಸೆಟಪ್ ಮೋಡ್‌ಗೆ ಹೋಗಿರುತ್ತವೆ. ಪ್ಲಗ್ ತೆಗೆದು ಹಾಕಿದರೆ ಸರಿ. ದಿನಾ ಹೀಗಾದರೆ ರೂಟರ್‌ಗೆ ಒಂದು ಮಿನಿ ಯುಪಿಎಸ್ ಹಾಕಿಸಿ, ಮನೆಮಂದಿಗೂ ಅನುಕೂಲ.

ಅನುಮಾನ ಬಂದರೆ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಡಬ್ಬಿಯನ್ನು ಪಕ್ಕದಲ್ಲೇ ಇಟ್ಟು ಸೇರಿಸಿ ನೋಡಿ. ಅಲ್ಲಿ ಓಡಿದರೆ ಡಬ್ಬಿ ಆರೋಗ್ಯವಾಗಿದೆ, ಟೆರೇಸಿನ ತನಕ ನಿಮ್ಮ ವೈಫೈ ಮುಟ್ಟುತ್ತಿಲ್ಲ.

ನಂಬರ್ ಸೊನ್ನೆಯಲ್ಲಿದೆ, ಇಲ್ಲವೇ ಒಂದೇ ನಂಬರ್ ಗಂಟೆಗಟ್ಟಲೆ ನಿಂತಿದೆ

ಗಾಳಿ ಎಂದೂ ಒಂದೇ ತರಹ ಇರುವುದಿಲ್ಲ. ಪಿಎಂ 2.5, ಅಂದರೆ 2.5 ಮೈಕ್ರಾನ್ ತನಕದ ಸಣ್ಣ ಕಣಗಳ ಪ್ರಮಾಣ, ನಿಮಿಷಕ್ಕೆ ಒಂದಿಷ್ಟಾದರೂ ಅಲುಗಾಡಬೇಕು. 14.3 ಅಂತ ಬೆಳಗ್ಗೆಯಿಂದ ಅದೇ ದಶಮಾಂಶದ ಸಮೇತ ನಿಂತಿದ್ದರೆ ಅದು ಈಗಿನ ಗಾಳಿಯಲ್ಲ. ಆ್ಯಪ್ ಹಳೆಯ ನಂಬರನ್ನೇ ಹಿಡಿದುಕೊಂಡಿದೆ. ಕೊನೆಯ ಬಾರಿ ಡೇಟಾ ಬಂದ ಸಮಯ ಎಲ್ಲೋ ಮೂಲೆಯಲ್ಲಿ ಬರೆದಿರುತ್ತದೆ, ನೋಡಿ.

ಸಮಯ ಹೊಸದು, ನಂಬರ್ ಮಾತ್ರ ಸೊನ್ನೆ ಅಂದರೆ ಕಿವಿ ಹತ್ತಿರ ಹಿಡಿದು ಕೇಳಿ. ಫ್ಯಾನಿನ ಸಣ್ಣ ಗುಂಯ್ ಶಬ್ದ ಬರಬೇಕು. ಕೆಲವು ಡಬ್ಬಿಗಳು ಸೆನ್ಸರ್ ಬಾಳಿಕೆ ಬರಲಿ ಅಂತ ಕೆಲವು ನಿಮಿಷಕ್ಕೊಮ್ಮೆ ಮಾತ್ರ ಫ್ಯಾನು ಓಡಿಸುತ್ತವೆ. ಹಾಗಾಗಿ ಐದಾರು ನಿಮಿಷ ಕಾದು ನೋಡಿ. ಶಬ್ದವೇ ಇಲ್ಲ ಅಂದರೆ ಸೆನ್ಸರ್‌ಗೆ ಕರೆಂಟು ಹೋಗುತ್ತಿಲ್ಲ, ಇಲ್ಲ ಫ್ಯಾನು ಕೆಟ್ಟಿದೆ. ಕರಕರ ಅಂದರೆ ಬೇರಿಂಗ್ ಸವೆದಿದೆ, ಇಲ್ಲ ಏನೋ ಸಿಕ್ಕಿಕೊಂಡಿದೆ.

ನಮ್ಮ ಕಡೆ ಸಿಕ್ಕಿಕೊಳ್ಳುವುದು ಏನು ಅಂತ ಗೊತ್ತಲ್ಲ. ಜೇಡನ ಬಲೆ, ಇರುವೆ, ಹಲ್ಲಿಯ ಮರಿ, ಮಣ್ಣು ತಂದು ಗೂಡು ಕಟ್ಟುವ ಕಣಜ. ಹೊರಗಿಟ್ಟ ಡಬ್ಬಿಯ ತೂತು ಕಣಜಕ್ಕೆ ತುಂಬಾ ಇಷ್ಟ. ಟಾರ್ಚ್ ಹಾಕಿ ತೂತಿನೊಳಗೆ ನೋಡಿ. ಅದಕ್ಕೆ ಮೊದಲು ಪ್ಲಗ್ ತೆಗೆದಿರಬೇಕು. ಒಳಗಿರುವ ಲೇಸರ್ ಕಣ್ಣಿಗೆ ಹಾನಿ ಮಾಡಬಲ್ಲದು. ಸೆನ್ಸರಿನ ಲೋಹದ ಮುಚ್ಚಳ ಬಿಚ್ಚಿ ಆನ್ ಮಾಡಿ ಇಣುಕುವ ಸಾಹಸ ಯಾವ ಕಾರಣಕ್ಕೂ ಬೇಡ.

ಬಲೆ ಕಂಡರೆ ಮೆತ್ತನೆಯ ಬ್ರಶ್‌ನಿಂದ ತೂತಿನ ಬಾಯಷ್ಟೇ ಒರೆಸಿ. ಕ್ಯಾಮೆರಾ ಲೆನ್ಸ್ ಒರೆಸುವವರು ಇಟ್ಟುಕೊಳ್ಳುವ ರಬ್ಬರ್ ಊದುಬುಡ್ಡಿ ಇದಕ್ಕೆ ಸರಿಯಾದ ಸಾಧನ. ಬಾಯಿಂದ ಊದಬೇಡಿ, ಉಗುಳಿನ ತೇವ ಒಳಗೆ ಹೋಗುತ್ತದೆ. ಪಂಕ್ಚರ್ ಅಂಗಡಿಯ ಏರ್ ಗನ್ ಅಂತೂ ಬೇಡವೇ ಬೇಡ. ಸ್ಪಿರಿಟ್, ಡಬ್ಲ್ಯೂಡಿ-40 ಯಾವುದೂ ಒಳಗೆ ಹೋಗಬಾರದು. ಮತ್ತೆ ಹೀಗಾಗದಂತೆ ಗಾಳಿ ಬರುವ ಬಾಯಿಗೆ ಸಡಿಲ ಹೆಣಿಗೆಯ ಸೊಳ್ಳೆ ಪರದೆ ಕಟ್ಟಿ. ಬಟ್ಟೆ ಕಟ್ಟಬೇಡಿ, ಅದು ಧೂಳನ್ನೂ ಸೋಸಿಬಿಡುತ್ತದೆ.

ನೀವೇ ಜೋಡಿಸಿದ ಡಬ್ಬಿಯಾದರೆ ವೈರ್ ನೋಡಿ. ಸೆನ್ಸರಿನ ಡೇಟಾ ಕಳಿಸುವ ಟಿಎಕ್ಸ್ ಪಿನ್, ಬೋರ್ಡಿನ ಡೇಟಾ ಪಡೆಯುವ ಆರ್‌ಎಕ್ಸ್‌ಗೆ ಹೋಗಬೇಕು. ಹೆಸರು ಒಂದೇ ಅಂತ ಟಿಎಕ್ಸ್‌ಗೆ ಟಿಎಕ್ಸ್ ಕೊಟ್ಟರೆ ಫ್ಯಾನು ತಿರುಗುತ್ತದೆ, ನಂಬರ್ ಬರುವುದಿಲ್ಲ. ಪಿಎಂಎಸ್5003ಕ್ಕೆ ಓಡಲು 5 ವೋಲ್ಟ್ ಬೇಕಾದರೂ ಡೇಟಾ ಪಿನ್‌ಗಳಿಗೆ 3.3 ವೋಲ್ಟ್ ಮಾತ್ರ. ಅಲ್ಲಿಗೆ 5 ವೋಲ್ಟ್ ಕೊಟ್ಟರೆ ಸೆನ್ಸರ್ ಹಾಳಾಗಬಹುದು.

ನಂಬರ್ ಬರುತ್ತಿದೆ, ಆದರೆ ಯಾವಾಗಲೂ ಕಡಿಮೆ

ಇಲ್ಲಿ ಸ್ವಲ್ಪ ನಿಧಾನಿಸಿ.

ಖರ್ಚಿಲ್ಲದ ಪರೀಕ್ಷೆ ಊದಿನಕಡ್ಡಿ. ಒಂದು ಕಡ್ಡಿ ಹಚ್ಚಿ ಡಬ್ಬಿಯಿಂದ ಒಂದು ಅಡಿ ದೂರ ಹಿಡಿಯಿರಿ. ಆರೋಗ್ಯವಾಗಿರುವ ಸೆನ್ಸರ್ ಕೆಲವೇ ಸೆಕೆಂಡುಗಳಲ್ಲಿ ನೂರು ದಾಟಬೇಕು. ಕಡ್ಡಿ ತೆಗೆದು ಕಿಟಕಿ ತೆರೆದರೆ ಕೆಲವು ನಿಮಿಷಗಳಲ್ಲಿ ಇಳಿಯಬೇಕು. ಹೊಗೆಯನ್ನು ನೇರವಾಗಿ ತೂತಿನೊಳಗೆ ಬಿಡಬೇಡಿ, ಒಳಗಡೆ ಜಿಡ್ಡು ಕೂರುತ್ತದೆ. ಆ್ಯಪ್ ಐದು ನಿಮಿಷದ ಸರಾಸರಿ ತೋರಿಸುವಂಥದ್ದಾದರೆ ಏರಿಕೆ ತಡವಾಗಿ ಕಾಣುತ್ತದೆ, ಆತುರ ಬೇಡ.

ನಂಬರ್ ಏರಿತು, ಆದರೆ ಸೋಮಾರಿತನದಿಂದ ಏರಿತು ಅಂದರೆ ಗಾಳಿಯ ದಾರಿ ಕಟ್ಟಿದೆ ಅಥವಾ ಫ್ಯಾನು ನಿಧಾನವಾಗಿದೆ. ಒಂದು ಚೂರೂ ಏರಲಿಲ್ಲ ಅಂದರೆ ಲೇಸರ್ ಹೋಗಿದೆ ಅಂತ ಇಟ್ಟುಕೊಳ್ಳಿ.

ಇಲ್ಲಿ ವಯಸ್ಸಿನ ಲೆಕ್ಕ ಬರುತ್ತದೆ. ಎಸ್‌ಡಿಎಸ್011ರ ಲೇಸರಿಗೆ ಕಂಪನಿ ಹೇಳುವ ಬಾಳಿಕೆ ಸುಮಾರು 8000 ಗಂಟೆ. ಹಗಲು ರಾತ್ರಿ ಬಿಡದೆ ಓಡಿಸಿದರೆ ಇದು ಹನ್ನೊಂದು ತಿಂಗಳಿಗೆ ಮುಗಿಯುತ್ತದೆ. ಐದು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಮಾತ್ರ ಓಡಿಸಿದರೆ ಅದೇ ಲೇಸರ್ ಹಲವು ವರ್ಷ ಬರುತ್ತದೆ. ಲೇಸರ್ ಒಂದೇ ದಿನದಲ್ಲಿ ಸಾಯುವುದಿಲ್ಲ. ಮೆಲ್ಲಗೆ ಮಂಕಾಗುತ್ತದೆ, ನಂಬರ್ ಕೂಡ ಮೆಲ್ಲಗೆ ಇಳಿಯುತ್ತದೆ. ಹೋದ ಚಳಿಗಾಲಕ್ಕಿಂತ ಈ ಚಳಿಗಾಲ ಗಾಳಿ ಚೆನ್ನಾಗಿದೆ ಅಂತ ನೀವು ಅಂದುಕೊಳ್ಳುವುದು ಹೀಗೆ. ಡಬ್ಬಿ ಕೊಂಡ ದಿನಾಂಕವನ್ನು ಅದರ ಹಿಂದೆ ಪೆನ್ನಿನಲ್ಲಿ ಬರೆದಿಡಿ.

ಊದಿನಕಡ್ಡಿ ಪರೀಕ್ಷೆ ಪಾಸಾಯಿತು, ಆದರೂ ನಂಬರ್ ಕಡಿಮೆ, ಕಣ್ಣಿಗೆ ಮಾತ್ರ ಧೂಳು ಕಾಣುತ್ತಿದೆ. ಇದು ನಮ್ಮ ಜಿಲ್ಲೆಯವರು ಮುಖ್ಯವಾಗಿ ತಿಳಿಯಬೇಕಾದ ವಿಷಯ.

ಕೆಜಿಎಫ್‌ನಲ್ಲಿ ಗಣಿ 2001ರಲ್ಲೇ ಮುಚ್ಚಿದರೂ ಅದಿರು ಅರೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಹಾಗೇ ಇವೆ. ಆಷಾಢದ ಗಾಳಿಗೆ ಆ ಮಣ್ಣು ಎದ್ದು ಮನೆಯೊಳಗೆ ಬರುತ್ತದೆ. ಕಿಟಕಿ ಕಟ್ಟೆಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಡಬ್ಬಿ ಮಾತ್ರ ಹಸಿರು ಬಣ್ಣ ತೋರಿಸುತ್ತಾ ಕೂತಿರುತ್ತದೆ. ಜಲ್ಲಿ ಕ್ರಷರ್ ಪಕ್ಕ, ಡಾಂಬರು ಕಿತ್ತುಹೋದ ರಸ್ತೆ ಪಕ್ಕ, ರಾಗಿ ಒಕ್ಕಣೆ ಸಮಯದಲ್ಲಿ ಕಣದ ಪಕ್ಕ ಇದೇ ಕಥೆ.

ಕಾರಣ ಸೆನ್ಸರಿನ ಹುಟ್ಟುಗುಣ. ಈ ಅಗ್ಗದ ಲೇಸರ್ ಸೆನ್ಸರ್‌ಗಳು ಹೊಗೆಯಂಥ ಸಣ್ಣ ಕಣಗಳನ್ನು ಚೆನ್ನಾಗಿ ಹಿಡಿಯುತ್ತವೆ. ಮಣ್ಣಿನ ದಪ್ಪ ಕಣಗಳು ಸಣ್ಣ ಫ್ಯಾನಿನ ಸೆಳೆತಕ್ಕೆ ತಿರುಗಿ ಒಳಗೆ ಬರುವುದು ಕಡಿಮೆ, ಬಂದರೂ ಸರಿಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಆ್ಯಪ್‌ನಲ್ಲಿ ಪಿಎಂ 10 (10 ಮೈಕ್ರಾನ್ ತನಕದ ಕಣಗಳ ಲೆಕ್ಕ) ಅಂತ ಇನ್ನೊಂದು ನಂಬರ್ ಬರುತ್ತದಲ್ಲ, ಅದರಲ್ಲಿ ಹೆಚ್ಚಿನ ಪಾಲು ಸಣ್ಣ ಕಣಗಳ ಮೇಲೆ ಕಟ್ಟಿದ ಅಂದಾಜು. ಪಿಎಂ 10 ಯಾವಾಗಲೂ ಪಿಎಂ 2.5ರ ಬೆನ್ನಿಗೇ, ಒಂದೇ ಅಳತೆಯಲ್ಲಿ ಏರಿ ಇಳಿಯುತ್ತಿದ್ದರೆ ಅದನ್ನು ನಂಬಬೇಡಿ. ಇದು ರಿಪೇರಿ ಆಗುವ ದೋಷ ಅಲ್ಲ. ಮಣ್ಣಿನ ಧೂಳಿನ ವಿಷಯದಲ್ಲಿ ನಿಮ್ಮ ಕಣ್ಣು, ಮೂಗು, ಕಿಟಕಿ ಕಟ್ಟೆಗಳೇ ಡಬ್ಬಿಗಿಂತ ಒಳ್ಳೆಯ ಸಾಕ್ಷಿ.

ಡಬ್ಬಿ ಇಟ್ಟ ಜಾಗವನ್ನೂ ಒಮ್ಮೆ ನೋಡಿ. ಬೀರು ಹಿಂದೆ, ಮೂಲೆಯಲ್ಲಿ, ಏರ್ ಪ್ಯೂರಿಫೈಯರಿನ ಬಾಯಿಗೆ ಎದುರಾಗಿ ಇಟ್ಟರೆ ಕಡಿಮೆಯೇ ಬರುವುದು. ಸೀಲಿಂಗ್ ಫ್ಯಾನಿನ ಗಾಳಿ ನೇರವಾಗಿ ತೂತಿಗೆ ಬಡಿದರೂ ಲೆಕ್ಕ ತಪ್ಪುತ್ತದೆ. ಮೂಗಿನ ಎತ್ತರ, ನಾಲ್ಕೂ ಕಡೆ ಒಂದಿಷ್ಟು ಖಾಲಿ ಜಾಗ, ಇಷ್ಟಿದ್ದರೆ ಸಾಕು.

ಬೆಳಗಿನ ಜಾವ ನಂಬರ್ ಗಗನಕ್ಕೇರುತ್ತದೆ, ಬಿಸಿಲು ಬಂದ ಮೇಲೆ ಇಳಿಯುತ್ತದೆ

ಡಿಸೆಂಬರ್, ಜನವರಿಯಲ್ಲಿ ಅಂತರಗಂಗೆ ಬೆಟ್ಟ ಮಂಜಿನಲ್ಲಿ ಕಾಣದಂತಾದ ಬೆಳಗ್ಗೆಗಳಲ್ಲಿ ಈ ದೂರು ಜಾಸ್ತಿ.

ಲೇಸರ್‌ಗೆ ಧೂಳಿನ ಕಣ ಯಾವುದು, ನೀರಿನ ಹನಿ ಯಾವುದು ಅಂತ ತಿಳಿಯುವುದಿಲ್ಲ. ಜೊತೆಗೆ ಗಾಳಿಯ ಕೆಲವು ಕಣಗಳು ತೇವ ಹೀರಿ ಊದಿಕೊಳ್ಳುತ್ತವೆ. ಊದಿದ ಕಣ ಜಾಸ್ತಿ ಬೆಳಕು ಚದುರಿಸುತ್ತದೆ, ಡಬ್ಬಿ ಜಾಸ್ತಿ ತೂಕ ಅಂದುಕೊಳ್ಳುತ್ತದೆ. ಎಸ್‌ಡಿಎಸ್011ರ ಕಂಪನಿಯೇ ತೇವಾಂಶ 70% ಒಳಗಿರಬೇಕು ಅನ್ನುತ್ತದೆ. ನಮ್ಮ ಮಳೆಗಾಲದ ರಾತ್ರಿ, ಚಳಿಗಾಲದ ಬೆಳಗ್ಗೆ ಇದನ್ನು ಸಲೀಸಾಗಿ ದಾಟುತ್ತವೆ.

ಹಾಗಂತ 'ಓ, ಬರೀ ಮಂಜು' ಅಂತ ತಳ್ಳಿಹಾಕುವುದೂ ತಪ್ಪು. ಚಳಿಯ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲೇಳದೆ ಕೂರುತ್ತದೆ. ಹಂಡೆ ಒಲೆಯ ಹೊಗೆ, ಕಸಕ್ಕೆ ಬೆಂಕಿ ಹಾಕಿದ ಹೊಗೆ, ಹೆದ್ದಾರಿ ಲಾರಿಗಳ ಹೊಗೆ ಎಲ್ಲ ಅದರೊಳಗೇ ಸಿಕ್ಕಿಬೀಳುತ್ತವೆ. ಬಿಸಿಲೇರಿ ನೆಲ ಕಾದ ಮೇಲಷ್ಟೇ ಮೇಲಕ್ಕೆ ಹೋಗುವುದು. ತೇವ ಆರುವುದೂ ಅದೇ ಹೊತ್ತಿಗೆ. ಎರಡೂ ಒಟ್ಟಿಗೆ ಇಳಿಯುವುದರಿಂದ ಗ್ರಾಫ್ ನೋಡಿ ಮಾತ್ರ ಬೇರೆ ಮಾಡಲು ಆಗುವುದಿಲ್ಲ.

ಬೇರೆ ಮಾಡಲು ಮೂರು ದಾರಿ ಇವೆ. ಒಂದು, ಮೂಗು. ಹೊಗೆ ವಾಸನೆ ಇದೆಯೇ, ಕಣ್ಣು ಉರಿಯುತ್ತಿದೆಯೇ? ಎರಡು, ತೇವಾಂಶದ ನಂಬರ್. ಡಬ್ಬಿಯಲ್ಲಿ ಡಿಎಚ್‌ಟಿ22ರಂಥ ತೇವಾಂಶ ಸೆನ್ಸರ್ ಇದ್ದರೆ 85% ಮೇಲಿರುವ ಗಂಟೆಗಳ ಪಿಎಂ ನಂಬರಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಅದನ್ನು ಸರಾಸರಿಗೆ ಸೇರಿಸಬೇಡಿ. ಮೂರು, ಸರಕಾರಿ ಕೇಂದ್ರದ ಅಂಕಿ. ಕೋಲಾರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರ ಟಮಕ ಕೈಗಾರಿಕಾ ಪ್ರದೇಶದಲ್ಲಿದೆ, ಚಿಕ್ಕಬಳ್ಳಾಪುರದಲ್ಲೂ ಒಂದಿದೆ. ಇವುಗಳ ಅಂಕಿ ಕೇಂದ್ರ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಸಿಗುತ್ತದೆ. ಇಂಥ ಕೇಂದ್ರಗಳ ಯಂತ್ರಗಳು ಒಳಗೆಳೆದ ಗಾಳಿಯ ತೇವವನ್ನು ಮೊದಲು ಆರಿಸಿ ಆಮೇಲೆ ಅಳೆಯುತ್ತವೆ. ಅಲ್ಲೂ ಅದೇ ಗಂಟೆಗೆ ಏರಿದ್ದರೆ ಹೊಗೆ ನಿಜ. ಅಲ್ಲಿ ಸ್ವಲ್ಪ ಏರಿ ನಿಮ್ಮಲ್ಲಿ ಮೂರು ಪಟ್ಟು ಏರಿದ್ದರೆ ಮಿಕ್ಕಿದ್ದರಲ್ಲಿ ತೇವದ ಪಾಲು ದೊಡ್ಡದು, ನಿಮ್ಮ ಬೀದಿಯಲ್ಲೇ ಯಾರೂ ಏನೂ ಸುಡುತ್ತಿಲ್ಲ ಅನ್ನುವುದಾದರೆ.

ಅಮೆರಿಕದ ಪರಿಸರ ಸಂಸ್ಥೆ ಪರ್ಪಲ್‌ಏರ್ ಎಂಬ ಕಂಪನಿಯ ಇಂಥದೇ ಡಬ್ಬಿಗಳಿಗೆ ಮಾಡಿಕೊಂಡ ತಿದ್ದುಪಡಿ ಸೂತ್ರದಲ್ಲೂ ತೇವಾಂಶಕ್ಕೆ ಜಾಗ ಕೊಟ್ಟಿದ್ದಾರೆ. ಆ ಸೂತ್ರವನ್ನು ಹಾಗೇ ಎತ್ತಿ ಇಲ್ಲಿ ಹಾಕಬೇಡಿ. ಅದು ಅಲ್ಲಿನ ಗಾಳಿ ನೋಡಿ ಮಾಡಿದ್ದು, ನಮ್ಮ ಹೊಗೆ ಮತ್ತು ಮಣ್ಣಿನ ಮಿಶ್ರಣ ಬೇರೆ.

ಹೊರಗಿಡುವ ಡಬ್ಬಿಗೆ ಮಳೆ ನೀರು ತಾಗದ ಗೂಡು ಬೇಕು. ಪ್ಲಂಬಿಂಗ್ ಅಂಗಡಿಯ ಎರಡು ಪಿವಿಸಿ ಬೆಂಡ್ ಸೇರಿಸಿ, ಬಾಯಿ ಕೆಳಮುಖ ಮಾಡಿ ಒಳಗೆ ಸೆನ್ಸರ್ ಕೂರಿಸಿದರೆ ಅಗ್ಗದಲ್ಲಿ ಆಗುತ್ತದೆ. ಬಾಯಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಒಳಗೆ ನಿಂತ ಗಾಳಿಯನ್ನೇ ಅಳೆಯುತ್ತಾ ಕೂರುತ್ತದೆ. ನೇರ ಬಿಸಿಲೂ ಬೇಡ.

ದಿನಾ ಒಂದೇ ಹೊತ್ತಿಗೆ ಜಿಗಿಯುತ್ತದೆ

ಇದು ದೋಷ ಅಲ್ಲ, ನಿಮ್ಮ ದಿನಚರಿ. ಒಣಮೆಣಸಿನಕಾಯಿ ಒಗ್ಗರಣೆ, ದೋಸೆ ಕಾವಲಿಯ ಹೊಗೆ, ಸಾಂಬ್ರಾಣಿ, ಸೊಳ್ಳೆ ಬತ್ತಿ. ಜಿಗಿದ ಹೊತ್ತನ್ನು ಎರಡು ಮೂರು ದಿನ ಬರೆದಿಟ್ಟು ಮನೆಯಲ್ಲಿ ಕೇಳಿ, ಉತ್ತರ ಸಿಗುತ್ತದೆ. ಕುಕ್ಕರಿನ ಆವಿ, ಬಚ್ಚಲ ಆವಿ ಬರೀ ನೀರು, ಅದಕ್ಕೂ ನಂಬರ್ ಜಿಗಿಯುತ್ತದೆ, ಬೇಗ ಇಳಿಯುತ್ತದೆ. ಎಣ್ಣೆ ಹೊಗೆ ಹಾಗಲ್ಲ, ಅರ್ಧ ಮುಕ್ಕಾಲು ಗಂಟೆ ಎಳೆಯುತ್ತದೆ. ಆ ಏರಿಕೆ ನಿಜವಾದದ್ದು. ಡಬ್ಬಿಯನ್ನು ಅಡುಗೆಮನೆಯಿಂದ ದೂರ ಇಟ್ಟರೆ ನಂಬರ್ ಇಳಿಯುತ್ತದೆ ನಿಜ, ಆದರೆ ಒಲೆ ಮುಂದೆ ನಿಂತವರ ಶ್ವಾಸಕೋಶ ಅಲ್ಲೇ ಇರುತ್ತದಲ್ಲ. ಚಿಮಣಿ ಇಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನ್ ಹಾಕಿಸುವುದು ಇಲ್ಲಿ ಸರಿಯಾದ ರಿಪೇರಿ.

ರಾತ್ರಿ ಹತ್ತರ ಮೇಲೆ ಏರುತ್ತಿದ್ದು ಮನೆಯಲ್ಲಿ ಎಲ್ಲ ಮಲಗಿದ್ದರೆ ಹೊರಗೆ ನೋಡಿ. ಖಾಲಿ ಸೈಟಿನಲ್ಲಿ ಕಸ ಸುಡುವುದು ಕತ್ತಲಾದ ಮೇಲೆ. ಜೂನ್, ಜುಲೈನ ಟೊಮೆಟೊ ಸೀಸನ್ನಿನಲ್ಲಿ ಎಪಿಎಂಸಿ ಸುತ್ತಮುತ್ತ ಇರುವವರು ಡೀಸೆಲ್ ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಡಬ್ಬಿ ಒಂದು ಹೇಳುತ್ತದೆ, ಸರಕಾರಿ ಆ್ಯಪ್ ಇನ್ನೊಂದು ಹೇಳುತ್ತದೆ

ಇದರಲ್ಲಿ ಬಹುತೇಕ ಜಗಳ ಲೆಕ್ಕದ್ದು, ಗಾಳಿಯದ್ದಲ್ಲ.

ಮೊದಲು ನೋಡಬೇಕಾದ್ದು, ಪರದೆಯ ಮೇಲಿರುವುದು ಮೈಕ್ರೋಗ್ರಾಂ ಅಂಕಿಯೋ ಎಕ್ಯೂಐ ಅಂಕಿಯೋ ಅಂತ. ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಕಣ ಇದೆ ಅನ್ನುವುದು ಅಳತೆ. ಎಕ್ಯೂಐ ಅಂದರೆ ಅದರ ಮೇಲೆ ಮಾಡಿದ ಗಾಳಿ ಗುಣಮಟ್ಟದ ಸೂಚ್ಯಂಕ. ಮತ್ತೆ ಎಕ್ಯೂಐ ದೇಶಕ್ಕೊಂದು ತರಹ. ಪಿಎಂ 2.5 ಪ್ರಮಾಣ 45 ಮೈಕ್ರೋಗ್ರಾಂ ಇದೆ ಅಂದುಕೊಳ್ಳಿ. ಭಾರತದ ಲೆಕ್ಕದಲ್ಲಿ ಎಕ್ಯೂಐ ಸುಮಾರು 75, 'ತೃಪ್ತಿಕರ'. ಅಮೆರಿಕದ ಲೆಕ್ಕದಲ್ಲಿ ಅದೇ ಗಾಳಿ ಸುಮಾರು 124, ಸೂಕ್ಷ್ಮ ಆರೋಗ್ಯದವರಿಗೆ ಒಳ್ಳೆಯದಲ್ಲ. ವಿದೇಶಿ ಆ್ಯಪ್‌ಗಳು, ಚೀನಾದಿಂದ ಬರುವ ಡಬ್ಬಿಗಳು ಹೇಳದೆ ಕೇಳದೆ ಅಮೆರಿಕದ ಲೆಕ್ಕ ಹಾಕಿರುತ್ತವೆ. ಸೆಟ್ಟಿಂಗ್‌ನಲ್ಲಿ ಮೈಕ್ರೋಗ್ರಾಂಗೆ ಬದಲಿಸಿಕೊಂಡು ಮೈಕ್ರೋಗ್ರಾಂಗೆ ಮೈಕ್ರೋಗ್ರಾಂ ಹೋಲಿಸಿ.

ಎರಡನೆಯದು ಸಮಯ. ಭಾರತದ ಎಕ್ಯೂಐನಲ್ಲಿ ಪಿಎಂ ಲೆಕ್ಕ 24 ಗಂಟೆಯ ಸರಾಸರಿ ಮೇಲೆ ನಡೆಯುತ್ತದೆ. ಕಡೇಪಕ್ಷ 16 ಗಂಟೆಯ ಡೇಟಾ, ಮೂರು ಮಾಲಿನ್ಯಕಾರಕಗಳ ಅಂಕಿ ಇರಲೇಬೇಕು. ನಿಮ್ಮ ಡಬ್ಬಿ ತೋರಿಸುವುದು ಈ ಕ್ಷಣದ್ದು. ದೀಪಾವಳಿ ರಾತ್ರಿ ನಿಮ್ಮಲ್ಲಿ 400, ಆ್ಯಪ್‌ನಲ್ಲಿ 110 ಇದ್ದರೆ ಎರಡೂ ಸರಿಯೇ ಇರಬಹುದು.

ಮೂರನೆಯದು ದೂರ. ಟಮಕದ ಯಂತ್ರಕ್ಕೆ ಕೋಲಾರಮ್ಮನ ಗುಡಿ ಬೀದಿಯ ಒಲೆ ಹೊಗೆ ಗೊತ್ತಾಗುವುದಿಲ್ಲ. ಬಂಗಾರಪೇಟೆ, ಮುಳಬಾಗಿಲಿನದಂತೂ ಕೇಳಲೇಬೇಡಿ. ಹಾಗಾಗಿ ಅಂಕಿ ಒಂದೇ ಇರಬೇಕು ಅಂತ ಬಯಸುವುದು ಬೇಡ. ಒಂದು ವಾರದ ದಿನದ ಸರಾಸರಿ ಎರಡರದ್ದೂ ಪಕ್ಕಪಕ್ಕ ಬರೆಯಿರಿ. ಅಲ್ಲಿ ಏರಿದ ದಿನ ಇಲ್ಲೂ ಏರಿ, ಇಳಿದ ದಿನ ಇಳಿದಿದ್ದರೆ ನಿಮ್ಮ ಡಬ್ಬಿ ಸುಸ್ಥಿತಿಯಲ್ಲಿದೆ. ಏರಿಳಿತವೇ ಹೊಂದದಿದ್ದರೆ ಆಗ ಅನುಮಾನಪಡಿ.

ಅಂದಹಾಗೆ, 2009ರ ನಮ್ಮ ರಾಷ್ಟ್ರೀಯ ಮಾನದಂಡದಲ್ಲಿ ಪಿಎಂ 2.5ಕ್ಕೆ 24 ಗಂಟೆಯ ಮಿತಿ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಹಸಿರು ಬಣ್ಣ ಕಂಡ ಕೂಡಲೇ ನಿರಾಳ ಆಗುವ ಮೊದಲು ಯಾರ ಹಸಿರು ಅಂತ ಕೇಳಿಕೊಳ್ಳಿ.

ಎರಡು ಡಬ್ಬಿ ಪಕ್ಕಪಕ್ಕ ಇಟ್ಟರೂ ನಂಬರ್ ಬೇರೆ

30 ಮತ್ತು 38 ಇದ್ದರೆ ಬಿಡಿ. ಕಂಪನಿಗಳೇ ನೂರರ ಒಳಗಿನ ಅಂಕಿಗೆ ಹತ್ತು ಮೈಕ್ರೋಗ್ರಾಂ ಆಚೀಚೆ ಆಗಬಹುದು ಅನ್ನುತ್ತವೆ. 30 ಮತ್ತು 90 ಅಂದರೆ ಒಂದು ಕೆಟ್ಟಿದೆ. ಯಾವುದು ಅಂತ ತಿಳಿಯಲು ಮೂರನೆಯದೊಂದನ್ನು ಯಾರಿಂದಲಾದರೂ ಒಂದು ದಿನದ ಮಟ್ಟಿಗೆ ಕೇಳಿ ತನ್ನಿ. ಎರಡು ಒಂದು ಕಡೆ ಸೇರಿದರೆ ಒಂಟಿಯಾದದ್ದೇ ಕೆಟ್ಟಿರುವುದು.

ಕಾರ್ಬನ್ ಡೈಆಕ್ಸೈಡ್, 'ಗ್ಯಾಸ್' ನಂಬರ್ ವಿಚಿತ್ರವಾಗಿದೆ

ಕೆಲವು ಡಬ್ಬಿಗಳಲ್ಲಿರುವ ಎಂಕ್ಯೂ-135 ಎಂಬ ಅನಿಲ ಸೆನ್ಸರ್ ಒಳಗೆ ಹೀಟರ್ ಇರುತ್ತದೆ, ಮುಟ್ಟಿದರೆ ಬೆಚ್ಚಗಿರುವುದು ಸಹಜ. ಹೊಸದಕ್ಕೆ ಒಂದೆರಡು ದಿನ ಕಾಯಿಸುವ ಅವಧಿ ಬೇಕು. ಅದು ಯಾವ ಅನಿಲ ಅಂತ ಬೇರೆ ಮಾಡಿ ಹೇಳಲಾರದು. ಅದರ ನಂಬರನ್ನು ಎಕ್ಯೂಐ ಅಂತ ತೋರಿಸುವ ಡಬ್ಬಿಯನ್ನು ರಿಪೇರಿ ಮಾಡಿಸುವುದು ದುಡ್ಡು ದಂಡ.

ಎಂಎಚ್-ಝಡ್19ರಂಥ ನಿಜವಾದ ಕಾರ್ಬನ್ ಡೈಆಕ್ಸೈಡ್ ಸೆನ್ಸರ್, ದಿನದ ಅತಿ ಕಡಿಮೆ ಅಂಕಿಯನ್ನು ಹೊರಗಿನ ಗಾಳಿ ಅಂತ ಭಾವಿಸಿ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಸದಾ ಮುಚ್ಚಿದ ಕೋಣೆಯಲ್ಲಿಟ್ಟರೆ ಕೊಳಕು ಗಾಳಿಯನ್ನೇ ಶುದ್ಧ ಅಂತ ಕಲಿತುಬಿಡುತ್ತದೆ. ದಿನಕ್ಕೊಮ್ಮೆ ಕಿಟಕಿ ತೆರೆಯಿರಿ. ಹೊರಗಿಟ್ಟಾಗ 420ರ ಆಸುಪಾಸು ಬಂದರೆ ಸರಿ ಇದೆ.

ಎಲ್ಲಿ ನಿಲ್ಲಿಸಬೇಕು

ಗ್ಯಾಸ್ ವಾಸನೆ ಬಂದಾಗ ಡಬ್ಬಿ ಕಡೆ ನೋಡಬೇಡಿ. ಇವು ಯಾವುವೂ ಎಲ್‌ಪಿಜಿ ಅಲಾರಂ ಅಲ್ಲ. ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಚಳಿಗೆ ಅಂತ ಇದ್ದಿಲ ಬೆಂಕಿಯನ್ನು ಮುಚ್ಚಿದ ಕೋಣೆಯಲ್ಲಿ ಇಡುವುದಂತೂ ಬೇಡ. ಅಲ್ಲಿ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಕಣ ಅಲ್ಲ, ಅನಿಲ. ಪಿಎಂ ಸೆನ್ಸರ್ ಹಸಿರು ತೋರಿಸುತ್ತಿರುವಾಗಲೇ ಮಲಗಿದವರು ಏಳದೆ ಹೋಗಬಹುದು.

ಉಬ್ಬಸ ಇರುವವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಉಸಿರು ಕಟ್ಟಿದರೆ ನಂಬರ್ 20 ಇದ್ದರೂ ಡಾಕ್ಟರ ಹತ್ತಿರ ಹೋಗಿ, ತುರ್ತಾದರೆ 108. ನಂಬರ್ ಕಡಿಮೆ ಇದೆಯಲ್ಲ ಅಂತ ಕಾಯಬೇಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬರುವ ಮುನ್ನ ಟೆರೇಸಿನ ಡಬ್ಬಿಯ ಪ್ಲಗ್ ತೆಗೆಯಿರಿ. ಮಳೆ ಶುರುವಾದ ಮೇಲೆ ನೆನಪಾದರೆ ಮೇಲೆ ಹತ್ತಬೇಡಿ, ಡಬ್ಬಿ ಹೋದರೆ ಹೋಗಲಿ.

ಅಡಾಪ್ಟರ್ ಬದಲಿಸಿ, ತೂತು ಒರೆಸಿ, ಊದಿನಕಡ್ಡಿ ಪರೀಕ್ಷೆ ಮಾಡಿ, ಜಾಗ ಬದಲಿಸಿದ ಮೇಲೂ ದಾರಿಗೆ ಬರದಿದ್ದರೆ ಸೆನ್ಸರ್ ಬಿಚ್ಚಲು ಹೋಗಬೇಡಿ. ಒಳಗಿನ ಲೇಸರ್ ಒಂದು ಕೂದಲೆಳೆ ಅಲುಗಿದರೂ ಲೆಕ್ಕ ಕೆಡುತ್ತದೆ. ಇಡೀ ಸೆನ್ಸರನ್ನೇ ಬದಲಿಸಿ, ಬೋರ್ಡು, ಗೂಡು, ಕೇಬಲ್ ಹಳೆಯದೇ ನಡೆಯುತ್ತದೆ.

ಡಬ್ಬಿ ಸರಿ ಇದೆ, ಗಾಳಿಯೇ ಕೆಟ್ಟಿದೆ ಅಂತ ಗೊತ್ತಾದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಬಹುದು. ಮನೆಯ ಡಬ್ಬಿಯ ಅಂಕಿಯನ್ನು ಅವರು ಅಧಿಕೃತ ಅಳತೆ ಅಂತ ತೆಗೆದುಕೊಳ್ಳುವುದಿಲ್ಲ. 'ನಂಬರ್ 280 ಬಂತು' ಅಂತ ಬರೆದ ಅರ್ಜಿ ಫೈಲಿನಲ್ಲೇ ಕೂರುತ್ತದೆ. ಯಾವ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಏರುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಹೊಗೆ ಅಥವಾ ಧೂಳು ಎಲ್ಲಿಂದ ಬರುತ್ತಿದೆ, ಇವನ್ನು ಗ್ರಾಫಿನ ಜೊತೆ ಬರೆದು, ಫೋಟೊ ಅಂಟಿಸಿ, ಅಕ್ಕಪಕ್ಕದ ಮನೆಯವರ ಸಹಿ ಹಾಕಿಸಿ ಕೊಡಿ. ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಸ್ಥಳ ತನಿಖೆಗೆ ಯಾವ ಹೊತ್ತಿಗೆ ಬಂದರೆ ಗಾಳಿ ಕೆಡಿಸುವವರು ಸಿಕ್ಕಿಬೀಳುತ್ತಾರೆ ಅನ್ನುವುದು ಮಂಡಳಿಯವರಿಗೆ ನಿಮ್ಮ ಗ್ರಾಫಿನಿಂದಲೇ ತಿಳಿಯಬೇಕು.